ಸಹಾಯ ಬೇಕು: ಫೋನಿನ ಜೊತೆ ಬಂದ ಮ್ಯಾಪ್ ಆಪ್ ತೆಗೆಯುವುದು ಹೇಗೆ?

ಮಡಿಕೇರಿ ಕಡೆ ಯಾರಾದರೂ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಿ. ನನ್ನ ಆಂಡ್ರಾಯ್ಡ್ ಫೋನಿನ ಜೊತೆಗೇ ಬಂದ ಮ್ಯಾಪ್ ಆಪ್‌ಗೆ ಅನ್‌ಇನ್‌ಸ್ಟಾಲ್ ಬಟನ್ನೇ ಇಲ್ಲ, ಡಿಸೇಬಲ್ ಮಾಡಿದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಸಿಸ್ಟಂ ಜಾಗದಲ್ಲಿ ಸುಮ್ನೆ ಕೂತೇ ಇರುತ್ತದೆ. ದುಡ್ಡು ಕೊಟ್ಟವರು ನಾವು, ಫೋನಲ್ಲಿ ಏನಿರಬೇಕು ಅಂತ ನಾವೇ ಹೇಳಬೇಕು ಅಲ್ವಾ? ಭಾಗಮಂಡಲ ದಾಟಿ ತಲಕಾವೇರಿ ಕಡೆ ಹೋದರೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಅದಕ್ಕೇ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನೋ ಬೇರೆ ಮ್ಯಾಪ್ ಆಪ್ ಹಾಕಿಕೊಂಡಿದ್ದೇನೆ, ಮ್ಯಾಪ್ ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ದಾರಿ ತೋರಿಸುತ್ತದೆ. ನನಗೆ ಅದೊಂದೇ ಸಾಕು. ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ ಎಡಿಬಿ (ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಫೋನಿಗೆ ಆದೇಶ ಕೊಡುವ ಟೂಲ್) ಕಮಾಂಡ್ ಕೊಟ್ಟು ಹಳೆಯದನ್ನು ತೆಗೆಯಬಹುದು, ಆದರೆ ಫ್ಯಾಕ್ಟರಿ ರೀಸೆಟ್ ಮಾಡಿದರೆ ವಾಪಸ್ ಬರುತ್ತದೆ. ಸಿಸ್ಟಂ ಅಪ್‌ಡೇಟ್ ಆದಮೇಲೂ ಹಾಗೇ ಆಗುತ್ತದಾ? ತೆಗೆದಮೇಲೆ ಟ್ಯಾಕ್ಸಿ ಆಪ್‌ಗಳು ಕೈಕೊಟ್ಟವಾ?