ಬಲ, ಚಲನೆ, ಸರಳ ಯಂತ್ರಗಳು: ಐದನೇ ತರಗತಿಯಲ್ಲಿ ನೀವು ಹೇಗೆ ಕಲಿಸಿದಿರಿ?

ಕೇಳಿದವರು: ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ

ನಾನು ನಾಲ್ಕು ಮತ್ತು ಐದನೇ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತೇನೆ. ಕಳೆದ ವರ್ಷ ಮಕ್ಕಳು ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು, ಗಾಲಿ ಮತ್ತು ಅಚ್ಚು ಎಂದು ಆರೂ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ಆದರೆ ಬಾವಿಯ ರಾಟೆಯಿಂದ ನಮಗೆ ಆಗುವ ಅನುಕೂಲವೇನು ಎಂದು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಪ್ರಯೋಗಾಲಯವಿಲ್ಲ, ಈ ಪಾಠಕ್ಕೆ ಸಿಗುವುದು ಹೆಚ್ಚೆಂದರೆ ಮೂರು ವಾರ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕರು

ಮೇಡಂ, ನಾನು 22 ವರ್ಷ ಹಳ್ಳಿಯ ಶಾಲೆಗಳಲ್ಲಿ ಈ ಪಾಠ ಮಾಡಿದ್ದೇನೆ. ಮೊದಲ ಹತ್ತು ವರ್ಷ ನನ್ನ ಮಕ್ಕಳೂ ನಿಮ್ಮ ಮಕ್ಕಳಂತೆಯೇ ಹೆಸರು ಒಪ್ಪಿಸುತ್ತಿದ್ದರು. ತೊಡಕು ಇರುವುದು ಪದಗಳಲ್ಲಿ ಎಂಬುದು ನನಗೆ ಹೊಳೆದದ್ದು ತಡವಾಗಿ. ನಮ್ಮ ಆಡುಮಾತಿನಲ್ಲಿ ‘ಅವನಿಗೆ ಬಲ ಇದೆ’ ಎನ್ನುತ್ತೇವೆ. ಹಾಗಾಗಿ ಬಲವೆಂದರೆ ಮೈಯೊಳಗೆ ತುಂಬಿಕೊಂಡಿರುವ ಕಸುವು ಎಂದೇ ಮಗು ತಿಳಿದಿರುತ್ತದೆ. ಪಾಠದಲ್ಲಿ ಬಲವೆಂದರೆ ಒಂದು ವಸ್ತು ಇನ್ನೊಂದನ್ನು ತಳ್ಳುವುದು ಅಥವಾ ಎಳೆಯುವುದು. ಆದ್ದರಿಂದ ಮೊದಲ ಎರಡು ದಿನ ನಾನು ‘ಬಲ’ ಎಂಬ ಪದವನ್ನೇ ಬಳಸುತ್ತಿರಲಿಲ್ಲ. ಯಾರು ಯಾರನ್ನು ತಳ್ಳುತ್ತಿದ್ದಾರೆ, ಯಾವುದು ಯಾವುದನ್ನು ಎಳೆಯುತ್ತಿದೆ ಎಂದಷ್ಟೇ ಕೇಳುತ್ತಿದ್ದೆ. ಬಾಗಿಲು, ಬೆಂಚು, ಬಿಂದಿಗೆ, ಗೋಲಿ, ಎಲ್ಲದಕ್ಕೂ ಅದೇ ಪ್ರಶ್ನೆ. ‘ಸನ್ನೆ’ ಎಂಬ ಪದದ ಕಥೆಯೂ ಇಂಥದ್ದೇ. ಸನ್ನೆ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಕಣ್ಣುಸನ್ನೆ. ಬಂಡೆ ಎಬ್ಬಿಸುವ ಹಾರೆಯನ್ನು ಮೊದಲು ತೋರಿಸಿ, ಕೈಗೆ ಕೊಟ್ಟು, ಆಮೇಲೆ ಹೆಸರು ಹೇಳಿದರೆ ಈ ಗೊಂದಲ ಏಳುವುದಿಲ್ಲ.

ಚಲನೆಗೆ ನಾನು ಒಂದೇ ಚಟುವಟಿಕೆಯನ್ನು ನೆಚ್ಚಿಕೊಂಡಿದ್ದೆ. ಎರಡು ಪುಸ್ತಕಗಳ ಮೇಲೆ ಹಲಗೆಯ ಒಂದು ತುದಿಯನ್ನು ಇಟ್ಟು, ಒಂದೇ ಎತ್ತರದಿಂದ ಗೋಲಿಯನ್ನು ಬಿಡುವುದು. ಅದು ಇಳಿದು ಹೋಗುವ ಜಾಗದಲ್ಲಿ ಒಮ್ಮೆ ಮರಳು, ಒಮ್ಮೆ ಗೋಣಿಚೀಲ, ಒಮ್ಮೆ ಬರಿಯ ಸಿಮೆಂಟು ನೆಲ. ಗೋಲಿ ಹೋದ ದೂರವನ್ನು ಮಕ್ಕಳೇ ಗೇಣಿನಲ್ಲಿ ಅಳೆದು ಬರೆಯಬೇಕು. ಬಳಿಕ ‘ಇನ್ನೂ ನುಣುಪಾದ ನೆಲವಿದ್ದರೆ? ಅದಕ್ಕಿಂತಲೂ ನುಣುಪಾಗಿದ್ದರೆ?’ ಎಂದು ಕೇಳುತ್ತಾ ಹೋದರೆ, ‘ಹಾಗಾದರೆ ಅದು ನಿಲ್ಲುವುದೇ ಇಲ್ಲ’ ಎಂಬ ಮಾತು ಯಾವುದಾದರೊಂದು ಮಗುವಿನ ಬಾಯಿಂದ ಬರುತ್ತದೆ. ಆ ಮಾತು ಬರುವವರೆಗೆ ಕಾಯಿರಿ, ನೀವಾಗಿ ಹೇಳಬೇಡಿ.

ಇನ್ನು ರಾಟೆಯ ವಿಷಯ. ಬಾವಿಯ ಮೇಲಿನ ಒಂಟಿ ರಾಟೆ ಕೊಡದ ಭಾರವನ್ನು ಕಡಿಮೆ ಮಾಡುವುದಿಲ್ಲ. ಮೇಲಕ್ಕೆ ಎತ್ತಬೇಕಾದದ್ದನ್ನು ಕೆಳಕ್ಕೆ ಎಳೆದು ಎತ್ತುವಂತೆ ದಿಕ್ಕನ್ನು ಬದಲಿಸುತ್ತದೆ, ನಮ್ಮ ಮೈಭಾರವೇ ಎಳೆತಕ್ಕೆ ನೆರವಾಗುತ್ತದೆ. ಅನುಕೂಲವೇನೆಂದು ಕೇಳಿದಾಗ ನಿಮ್ಮ ಮಕ್ಕಳು ಸುಮ್ಮನಾದದ್ದರಲ್ಲಿ ಅವರ ತಪ್ಪೇನೂ ಇಲ್ಲ, ಆ ಪ್ರಶ್ನೆಯೇ ಕಠಿಣವಾದದ್ದು. ಅದರ ಬದಲು ಎರಡಡಿ ಉದ್ದದ ಎರಡು ಪಿವಿಸಿ ಪೈಪಿನ ತುಂಡುಗಳನ್ನೂ ನೈಲಾನ್ ಹಗ್ಗವನ್ನೂ ತನ್ನಿ. ಹಗ್ಗದ ಒಂದು ತುದಿಯನ್ನು ಮೊದಲ ಪೈಪಿಗೆ ಕಟ್ಟಿ, ಎರಡೂ ಪೈಪುಗಳ ನಡುವೆ ನಾಲ್ಕು ಎಳೆಗಳು ಬರುವಂತೆ ಸುತ್ತಿ, ಉಳಿದ ತುದಿಯನ್ನು ತರಗತಿಯ ಚಿಕ್ಕ ಮಗುವಿನ ಕೈಗೆ ಕೊಡಿ. ಗಟ್ಟಿಮುಟ್ಟಾದ ಇಬ್ಬರು ಹುಡುಗರು ಪೈಪುಗಳನ್ನು ದೂರ ಹಿಡಿದು ನಿಲ್ಲಲಿ.

ನನ್ನ ತರಗತಿಯಲ್ಲಿ ಹಗ್ಗ ಹಿಡಿದದ್ದು ಬಹಳ ತೆಳ್ಳಗಿದ್ದ, ಆಟಕ್ಕೆ ಯಾರೂ ಸೇರಿಸಿಕೊಳ್ಳದ ಒಬ್ಬ ಹುಡುಗಿ. ಅವಳು ಎಳೆಯುತ್ತಾ ಹಿಂದಕ್ಕೆ ಹೆಜ್ಜೆಯಿಟ್ಟಂತೆ ಹುಡುಗರಿಬ್ಬರೂ ಹಲ್ಲು ಕಚ್ಚಿ, ಕಾಲೂರಿ ಎಷ್ಟು ಬಿಗಿಹಿಡಿದರೂ ಪೈಪುಗಳು ಒಂದಕ್ಕೊಂದು ಹತ್ತಿರ ಬಂದೇ ಬಂದವು. ತರಗತಿ ಚಪ್ಪಾಳೆ ತಟ್ಟುತ್ತಿತ್ತು. ಆದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಬಾರದು. ಪೈಪುಗಳು ಒಂದು ಗೇಣು ಹತ್ತಿರ ಬರಲು ಎಷ್ಟು ಗೇಣು ಹಗ್ಗ ಎಳೆಯಬೇಕಾಯಿತು ಎಂದು ಅಳೆಯಿಸಿದೆ. ನಾಲ್ಕು ಗೇಣು. ಎಳೆಗಳನ್ನು ಎರಡಕ್ಕೆ ಇಳಿಸಿದಾಗ ಎರಡೇ ಗೇಣು, ಆದರೆ ಈ ಸಲ ಅವಳಿಗೆ ಎಳೆಯುವುದು ಕಷ್ಟವಾಯಿತು. ಎಳೆತ ಹಗುರಾದಷ್ಟೂ ಎಳೆಯಬೇಕಾದ ಉದ್ದ ಹೆಚ್ಚುತ್ತದೆ ಎಂಬ ಈ ಒಂದು ಸಂಗತಿಯನ್ನು ಮಕ್ಕಳು ಕೈಯಾರೆ ಕಂಡುಕೊಂಡರೆ, ಉಳಿದ ಐದು ಯಂತ್ರಗಳಲ್ಲೂ ಅದನ್ನೇ ಹುಡುಕುತ್ತಾರೆ. ಆಗುಂಬೆ ಘಾಟಿಯ ರಸ್ತೆ ನೇರವಾಗಿ ಏರದೆ 14 ತಿರುವುಗಳಲ್ಲಿ ಸುತ್ತಿ ಏರುವುದೇಕೆ ಎಂದು ಕೇಳಿದರೆ ಅವರೇ ಉತ್ತರ ಕೊಡುತ್ತಾರೆ. ಲಂಬಕೋನ ತ್ರಿಕೋನದ ಕಾಗದವನ್ನು ಪೆನ್ಸಿಲಿಗೆ ಸುತ್ತಿ ತೋರಿಸಿದರೆ ಅದೇ ಘಾಟಿ ರಸ್ತೆ ತಿರುಪಿನ ಎಳೆಯಾಗಿ ಕಾಣುತ್ತದೆ.

ಸನ್ನೆಗೆ 30 ಸೆಂ.ಮೀ. ಸ್ಕೇಲು ಸಾಕು. 15ರ ಗುರುತಿನ ಕೆಳಗೆ ಪೆನ್ಸಿಲ್ ಇಟ್ಟು, ಅದು ಉರುಳದಂತೆ ಎರಡೂ ಕಡೆ ಜೇಡಿಮಣ್ಣು ಮೆತ್ತಿ, 10ರ ಗುರುತಿನ ಮೇಲೆ ಒಂದೇ ಬಗೆಯ ಎರಡು ನಾಣ್ಯಗಳನ್ನೂ 25ರ ಗುರುತಿನ ಮೇಲೆ ಒಂದನ್ನೂ ಇಟ್ಟರೆ ಸ್ಕೇಲು ಸಮನಾಗಿ ನಿಲ್ಲುತ್ತದೆ. ಮೂರು ನಾಣ್ಯಕ್ಕೆ ಜಾಗ ಹುಡುಕುವುದನ್ನು ಅವರಿಗೇ ಬಿಡಿ.

ಮನೆಯ ವಸ್ತುಗಳನ್ನು ತರಿಸುವಾಗ ಈಳಿಗೆಮಣೆ, ಕೊಡಲಿಗಳನ್ನು ಮಾತ್ರ ತರಿಸಬೇಡಿ. ಅವುಗಳ ಚಿತ್ರ ಬರೆಸಿ. ಅಡಕತ್ತರಿ ಸನ್ನೆಯೋ ಬೆಣೆಯೋ ಎಂದು ಒಮ್ಮೆ ನಮ್ಮಲ್ಲಿ ಅರ್ಧ ಗಂಟೆ ವಾದ ನಡೆಯಿತು. ಹಿಡಿ ಸನ್ನೆ, ಅಲಗು ಬೆಣೆ, ಎರಡು ಪಕ್ಷಗಳೂ ಸರಿ. ಹಾಗೆಯೇ ‘ಏತ ನೀರಾವರಿ’ ಎಂಬ ಮಾತನ್ನು ಮಕ್ಕಳು ಕೇಳಿರುತ್ತಾರೆ. ಈಗ ನೀರೆತ್ತುವುದು ಪಂಪುಗಳೇ ಆದರೂ, ಆ ಹೆಸರಿನಲ್ಲಿರುವ ಏತವು ಒಂದು ತುದಿಗೆ ಭಾರ, ಇನ್ನೊಂದಕ್ಕೆ ನೀರಿನ ಪಾತ್ರೆ ಕಟ್ಟಿದ ದೊಡ್ಡ ಸನ್ನೆಯೇ ಎಂದು ತಿಳಿದಾಗ ಅವರಿಗೆ ಆಗುವ ಸಂತೋಷವನ್ನು ನೋಡಬೇಕು.

ಉತ್ತರ: ಪ್ರೌಢಶಾಲೆಯ ಭೌತವಿಜ್ಞಾನ ಶಿಕ್ಷಕರು

ಹಿರಿಯರು ಹೇಳಿದ್ದನ್ನು ಒಪ್ಪುತ್ತಾ ನನ್ನದೊಂದು ಕೋರಿಕೆಯನ್ನು ಸೇರಿಸುತ್ತೇನೆ. ‘ಯಂತ್ರಗಳು ಕೆಲಸವನ್ನು ಕಡಿಮೆ ಮಾಡುತ್ತವೆ’ ಎಂದು ದಯವಿಟ್ಟು ಬರೆಸಬೇಡಿ. ‘ಕೆಲಸವನ್ನು ಸುಲಭ ಮಾಡುತ್ತವೆ’ ಎಂದು ಬರೆಸಿ. ಒಂಬತ್ತನೇ ತರಗತಿಯಲ್ಲಿ ಬಲ ಮತ್ತು ದೂರದ ಗುಣಲಬ್ಧವನ್ನು ಕೆಲಸವೆಂದು ಕಲಿಸುವಾಗ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಆ ವಾಕ್ಯವೇ ಅಡ್ಡ ಬರುತ್ತದೆ. ವಾಸ್ತವದಲ್ಲಿ ಘರ್ಷಣೆಯಿಂದಾಗಿ ನಾವು ಮಾಡುವ ಕೆಲಸ ಸ್ವಲ್ಪ ಹೆಚ್ಚೇ ಆಗುತ್ತದೆ.

ತಳ್ಳುವುದನ್ನು ನಿಲ್ಲಿಸಿದರೆ ವಸ್ತು ತಾನಾಗಿ ನಿಲ್ಲುತ್ತದೆ ಎನ್ನುವ ಮಗುವನ್ನು ಗದರಬೇಡಿ. ಅರಿಸ್ಟಾಟಲನೂ ಚಲನೆ ಮುಂದುವರಿಯಲು ತಳ್ಳುವವರು ಬೇಕೆಂದೇ ತಿಳಿದಿದ್ದ; ಗೆಲಿಲಿಯೋ ಇಳಿಜಾರಿನಲ್ಲಿ ಗುಂಡುಗಳನ್ನು ಉರುಳಿಸಿ ನೋಡುವ ಹೊತ್ತಿಗೆ ಸುಮಾರು 1900 ವರ್ಷಗಳು ಕಳೆದಿದ್ದವು, ತಡೆಯಿಲ್ಲದಿದ್ದರೆ ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂಬುದನ್ನು ನ್ಯೂಟನ್ ನಿಯಮವಾಗಿ ಪ್ರಕಟಿಸಿದ್ದು 1687ರಲ್ಲಿ. ‘ಜವ’ (ಎಷ್ಟು ಬೇಗ) ಮತ್ತು ‘ವೇಗ’ (ಎಷ್ಟು ಬೇಗ, ಯಾವ ದಿಕ್ಕಿಗೆ) ಇವುಗಳ ವ್ಯತ್ಯಾಸವನ್ನು ನಮಗೆ ಬಿಡಿ, ಐದನೇ ತರಗತಿಗೆ ಅದು ಬೇಡ.

ಮತ್ತೆ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೆಸರು ಒಪ್ಪಿಸುವುದನ್ನು ಬಿಟ್ಟು, ಮಕ್ಕಳಿಗೆ ನಿಜವಾಗಿ ತಿಳಿದಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ನಿವೃತ್ತ ಮುಖ್ಯ ಶಿಕ್ಷಕರು

ನಾನು ಕೊನೆಯ ದಿನ ಒಂದೇ ಪ್ರಶ್ನೆ ಕೊಡುತ್ತಿದ್ದೆ: ಲಾರಿಗೆ ಡ್ರಮ್ಮು ಹತ್ತಿಸಬೇಕು, 2 ಮೀಟರಿನ ಹಲಗೆಯೂ ಇದೆ, 4 ಮೀಟರಿನದೂ ಇದೆ, ಯಾವುದನ್ನು ಆರಿಸುತ್ತೀರಿ, ಅದರಿಂದ ಏನು ಸಿಗುತ್ತದೆ, ಏನು ಬಿಟ್ಟುಕೊಡಬೇಕಾಗುತ್ತದೆ, ಚಿತ್ರ ಬರೆದು ಹೇಳಿ. ‘ಉದ್ದದ್ದು, ಹಗುರ’ ಎಂದಷ್ಟೇ ಬರೆದವರನ್ನು ಮರುದಿನ ಮತ್ತೊಮ್ಮೆ ಹಗ್ಗ ಹಿಡಿದು ನಿಲ್ಲಿಸುತ್ತಿದ್ದೆ.