ಅತ್ತೆಯ ರಾಹುಕಾಲ, ನನ್ನ ಭಯ, ಮುಂದೆ ತಿರುಪತಿ ದಾರಿ

ಪ್ರಶ್ನೆ: ವಿರಾಜಪೇಟೆಯಿಂದ ತಿರುಪತಿಗೆ ಮನೆಮಂದಿಯೆಲ್ಲಾ ಒಂದೇ ಗಾಡಿಯಲ್ಲಿ ಹೊರಟಿದ್ದೇವೆ. ಅತ್ತೆ ರಾಹುಕಾಲ ನೋಡದೆ ಹೊಸಿಲು ದಾಟುವುದಿಲ್ಲ. ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಲೇಬೇಕು. ನಮ್ಮವರಿಗೆ ಇದೆಲ್ಲ ಕೇಳಿದರೆ ಸಿಟ್ಟು, ಆ ಸಿಟ್ಟಲ್ಲೇ ಸ್ಪೀಡ್ ಜಾಸ್ತಿ ಮಾಡುತ್ತಾರೆ. ಹಿಂದೆ ಕೂತ ನನಗೆ ಎದೆ ಡವಡವ. ಇಂಥ ಪ್ರಯಾಣ ಮಾಡಿದವರು ಹೇಗೆ ನಿಭಾಯಿಸಿದಿರಿ?

ಮಡಿಕೇರಿಯಿಂದ:

ಅಕ್ಕ, ನಮ್ಮ ಮನೆಯಲ್ಲೂ ಇದೇ ಕಥೆ. ರಾಹುಕಾಲದ್ದು ಸುಲಭ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕ್ಯಾಲೆಂಡರ್ ನೋಡಿ, ವಾರದ ಯಾವ ದಿನವೂ ಅದು ಬೆಳಿಗ್ಗೆ 7.30ಕ್ಕಿಂತ ಮೊದಲು ಇಲ್ಲ. ಸೋಮವಾರದ್ದೇ ಎಲ್ಲಕ್ಕಿಂತ ಬೇಗ, 7.30ರಿಂದ 9. ಹಾಗಾಗಿ ಆರಕ್ಕೆ ಹೊರಟರೆ ಆ ಮಾತೇ ಏಳುವುದಿಲ್ಲ. ಯಮಗಂಡವನ್ನೂ ನೋಡುವವರಾದರೆ ಗುರುವಾರ ಬೇಡ, ಅವತ್ತು ಅದು 6ಕ್ಕೇ ಶುರು. ತೀರಾ ಕತ್ತಲಲ್ಲಿ ಮಾತ್ರ ಹೊರಡಬೇಡಿ. ತಿತಿಮತಿ, ಆನೆಚೌಕೂರು ಕಡೆ ಆನೆಗಳು ರಸ್ತೆ ದಾಟುತ್ತವೆ, ಅಲ್ಲಿಗೆ ಹೋಗುವಷ್ಟರಲ್ಲಿ ಬೆಳಕು ಹರಿದಿರಬೇಕು.

ಕಷ್ಟ ಇರುವುದು ಭಯದಲ್ಲಿ. ಅತ್ತೆಗೂ ನಿಮಗೂ ಇರುವುದು ಒಂದೇ ಭಯ ಅನ್ನಿಸುತ್ತದೆ ನನಗೆ. ಗಾಡಿ ಅವರ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಎಲ್ಲಿಗೆ ಹೋಗುವುದಾದರೂ ರಸ್ತೆಯೇ ಗತಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಬಂದ್ ಆಗಿತ್ತಲ್ಲ, ಅದನ್ನು ಕಂಡ ಹಿರಿಯರು ಹೊರಡುವ ಮುಂಚೆ ಒಂದು ಈಡುಗಾಯಿ ಒಡೆಯೋಣ ಅಂದರೆ ನಾನಂತೂ ಬೇಡ ಅನ್ನುವುದಿಲ್ಲ. ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞ ಸುಮಾರು ನೂರು ವರ್ಷದ ಹಿಂದೆ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದನ್ನೇ ಗಮನಿಸಿದ್ದರು. ಅಲ್ಲಿನವರು ದಡದ ಹತ್ತಿರ, ಅಪಾಯವಿಲ್ಲದ ನೀರಲ್ಲಿ ಮೀನು ಹಿಡಿಯುವಾಗ ಮಂತ್ರದ ಗೋಜಿಗೆ ಹೋಗುತ್ತಿರಲಿಲ್ಲ, ಆಳ ಸಮುದ್ರಕ್ಕೆ ಹೊರಟಾಗ ಮಾತ್ರ ದೊಡ್ಡ ದೊಡ್ಡ ವಿಧಿ ಮಾಡುತ್ತಿದ್ದರು. ಎಲ್ಲಿ ನಮ್ಮ ಕೈ ಮೀರುತ್ತದೋ ಅಲ್ಲಿ ನಿಂಬೆಹಣ್ಣು ಬರುತ್ತದೆ, ಅಷ್ಟೇ.

ಅದಕ್ಕೇ ನಂಬಿಕೆ ಸರಿಯೋ ತಪ್ಪೋ ಅಂತ ಗಾಡಿಯಲ್ಲಿ ವಾದ ಮಾಡಬೇಡಿ. ಎಲ್ಲರ ಕೈಗೂ ಒಂದೊಂದು ಕೆಲಸ ಕೊಡಿ. ನಮ್ಮಲ್ಲಿ ಪೂಜೆ, ನಿಂಬೆಹಣ್ಣು ಅತ್ತೆಯದು. ಎಲ್ಲಿ ಕಾಫಿಗೆ ನಿಲ್ಲಿಸಬೇಕು ಅನ್ನುವುದೂ ಅವರೇ ಹೇಳಬೇಕು. ನಿಲ್ಲಿಸು ಅಂದ ತಕ್ಷಣ ಗಾಡಿ ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ ಅವರು ಶಕುನ ಹುಡುಕುವುದು ಎಷ್ಟೋ ಕಡಿಮೆಯಾಯಿತು. ನೀವು ಮುಂದಿನ ಸೀಟಿಗೆ ಬನ್ನಿ. ದಾರಿ ನೋಡುವುದು, ಫೋನ್ ಎತ್ತುವುದು ನಿಮ್ಮ ಪಾಲಿಗಿರಲಿ. ದೂರದ ರಸ್ತೆ ಕಣ್ಣಿಗೆ ಕಾಣುತ್ತಿದ್ದರೆ ತಿರುವಲ್ಲಿ ಹೊಟ್ಟೆ ತೊಳಸುವುದೂ ಕಡಿಮೆ. ಸ್ಪೀಡಿನ ಮಾತನ್ನು ನಿಮ್ಮವರ ಹತ್ತಿರ ಹಿಂದಿನ ರಾತ್ರಿಯೇ ಆಡಿ, ಸ್ಟಿಯರಿಂಗ್ ಹಿಡಿದ ಮೇಲೆ ಆಡಿದರೆ ಅದು ಜಗಳವೇ ಆಗುತ್ತದೆ.

ಗೋಣಿಕೊಪ್ಪದಿಂದ:

ನಾನು ಗಾಡಿ ಓಡಿಸುವವನು, ಆ ಕಡೆಯಿಂದ ಹೇಳುತ್ತೇನೆ. ಬೆಕ್ಕು ಅಡ್ಡ ಬಂತು ಅಂತ ಹಿಂದಿನಿಂದ ಕಿರುಚಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಹಿಂದೆ ಲಾರಿ ಇದ್ದರೆ ಏನು ಗತಿ? ಅಮ್ಮನಿಗೆ ಇದನ್ನು ಸಮಾಧಾನವಾಗಿ ಹೇಳಿದೆ, ಒಪ್ಪಿದರು. ಈಗ ಮುಂದೆ ಅಗಲ ಜಾಗ ನೋಡಿ ನಿಲ್ಲಿಸುತ್ತೇನೆ, ಅವರು ಒಂದು ನಿಮಿಷ ಕೈಮುಗಿಯುತ್ತಾರೆ, ಹೊರಡುತ್ತೇವೆ. ಚಕ್ರದಡಿ ನಿಂಬೆಹಣ್ಣು ಇಡುವವರು ಇಟ್ಟು ಪಕ್ಕಕ್ಕೆ ಬರಲಿ, ಆಮೇಲೆ ಗಾಡಿ ಸ್ಟಾರ್ಟ್ ಮಾಡಿ. ಒಳಗೆ ಒಂದು ನಿಂಬೆಹಣ್ಣೂ ಉರುಳಾಡಬಾರದು, ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಬ್ರೇಕ್ ಹಿಡಿಯುವುದಿಲ್ಲ. ವಾಂತಿ ಮಾತ್ರೆಯಿಂದ ನಿದ್ದೆ ಬರಬಹುದು, ಓಡಿಸುವವರು ತೆಗೆದುಕೊಳ್ಳಬಾರದು.

ಆಮೇಲೆ ತಿರುಮಲ ಘಾಟಿಗೆ ಈಗಲೇ ಹೆದರಬೇಡಿ. ಅಲ್ಲಿ ಹತ್ತಲು ಒಂದು ರಸ್ತೆ, ಇಳಿಯಲು ಬೇರೆ ರಸ್ತೆ. ತಿರುವಲ್ಲಿ ಎದುರಿನಿಂದ ಬಸ್ಸು ನುಗ್ಗಿ ಬರುತ್ತದೆ ಅನ್ನುವ ನಮ್ಮ ಮಾಕುಟ್ಟ ಘಾಟಿಯ ಭಯ ಅಲ್ಲಿಲ್ಲ. ಇಳಿಯುವಾಗ ಬ್ರೇಕನ್ನೇ ನಂಬದೆ ಗೇರ್ ಕಡಿಮೆ ಮಾಡಿಕೊಂಡು ಬರಲು ನಿಮ್ಮವರಿಗೆ ಹೇಳಿ. ಇಷ್ಟನ್ನು ಅತ್ತೆಗೂ ಹೊರಡುವ ಮೊದಲೇ ತಿಳಿಸಿ.