ಸಂಜೆ 4:20ರಿಂದ 4:35: ಸುಮ್ನೆ ಕೂರೋದು

ಸುರೇಶ ಲ್ಯಾಪ್‌ಟಾಪ್ ತೆರೆದ. ಶಾಮಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ಇವತ್ತು ನಾವು ಬೇಗ ಏಳುವುದಿಲ್ಲ ಅಂತ ಗೋಪಿಗೂ ನನಗೂ ಗೊತ್ತಾಗಿಹೋಯಿತು.

"ಹದಿನೈದು ದಿನ, ಎಂಟು ಊರು" ಎಂದ ಸುರೇಶ. "ಏಜೆಂಟ್ ಇಲ್ಲ, ಗೈಡ್ ಇಲ್ಲ, ಗುಂಪಿಲ್ಲ. ನಾನು, ವೀಣಾ. ಇಬ್ಬರೇ."

"ಹಾಗಾದ್ರೆ ಇದು ಯಾರು?" ಶಾಮಣ್ಣ ಪರದೆ ಕಡೆ ಬೆರಳು ತೋರಿಸಿದರು.

ಪರದೆ ತುಂಬಾ ಎಕ್ಸೆಲ್ ಶೀಟು. ಹಳದಿ ಅಂದ್ರೆ ರೈಲು, ನೀಲಿ ಅಂದ್ರೆ ಮ್ಯೂಸಿಯಂ, ಹಸಿರು ಅಂದ್ರೆ ಹೋಟೆಲ್, ಬೂದು ಅಂದ್ರೆ ಕ್ಯೂ. ಹೌದು, ಕ್ಯೂನಲ್ಲಿ ನಿಲ್ಲುವುದಕ್ಕೂ ಒಂದು ಬಣ್ಣ. ಫೈಲಿನ ಹೆಸರು 'ಯುರೋಪ್ ನಿಜವಾದ ಫೈನಲ್ 4'.

"ಇಷ್ಟು ಜನ ಇಟ್ಕೊಂಡು ಇಬ್ಬರೇ ಅಂತೀಯಲ್ಲೋ" ಎಂದರು ಶಾಮಣ್ಣ. "ಆ ಗುಲಾಬಿ ಬಣ್ಣ ಏನದು?"

ಸುರೇಶ ಸ್ವಲ್ಪ ನಾಚಿಕೊಂಡ. "ಅದು ನಮ್ಮ ಟೈಮು. ಕಪಲ್ ಟೈಮು."

"ಎಲ್ಲಿದೆ? ನನ್ನ ಕಣ್ಣಿಗೆ ಕಾಣಿಸ್ತಾನೇ ಇಲ್ಲ."

ಇನ್ನೂರ ನಲವತ್ತು ಸಾಲುಗಳಲ್ಲಿ ಗುಲಾಬಿ ಸಾಲು ಮೂರೇ ಮೂರು. ಪ್ಯಾರಿಸ್‌ನಲ್ಲಿ ಸೇತುವೆಗೆ ಪ್ರೇಮದ ಬೀಗ ಹಾಕುವುದು, 20 ನಿಮಿಷ. ವೆನಿಸ್‌ನಲ್ಲಿ ಗೊಂಡೊಲಾ ದೋಣಿ, 30 ನಿಮಿಷ. ಆಮೇಲೆ 147ನೇ ಸಾಲು, ಸ್ವಿಟ್ಜರ್ಲೆಂಡಿನ ಲುಸರ್ನ್ ಸರೋವರದ ದಂಡೆ: 'ಸಂಜೆ 4:20ರಿಂದ 4:35: ಸುಮ್ನೆ ಕೂರೋದು.'

ಶಾಮಣ್ಣ ಅದನ್ನು ಎರಡು ಸಲ ಓದಿದರು. ಮೂರನೇ ಸಲ ನಮಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು.

"4:36ಕ್ಕೆ ಏನಾಗುತ್ತೆ?"

"ಬೋಟ್ ಇದೆ."

"ಅಂದ್ರೆ ಸುಮ್ನೆ ಕೂರ್ತಾ ಇಲ್ಲ. ಬೋಟಿಗೆ ಕಾಯ್ತಾ ಇದೀರ. ಇದನ್ನು ಬೂದು ಮಾಡು."

ಗೋಪಿ ನಕ್ಕ. ಗೋಪಿ ನಗಬಾರದಿತ್ತು. ಅವನು ಹೋದ ವರ್ಷ ಪ್ಯಾಕೇಜ್ ಟೂರಿನಲ್ಲಿ ಹೋಗಿ ಬಂದವನು. ಹತ್ತು ದಿನ, ಆರು ದೇಶ. ಒಂದು ದೇಶದಲ್ಲಿ ಬಸ್ಸಿನಿಂದ ಇಳಿದಿದ್ದು ಬಾತ್‌ರೂಮಿಗೆ ಮಾತ್ರ. ಯಾವ ದೇಶ ಅಂತ ಅವನಿಗೂ ಅವನ ಹೆಂಡತಿಗೂ ಇನ್ನೂ ವಾದ ನಡೆಯುತ್ತಿದೆ.

"ನಮ್ಮದೇ ವಾಸಿ" ಎಂದ ಗೋಪಿ. "ಯಾವ ತಲೆಬಿಸಿನೂ ಇಲ್ಲ. ಎಡಗಡೆ ನೋಡಿ ಅಂದ್ರೆ ಎಡಗಡೆ ನೋಡೋದು."

"ನೋಡಿದ್ಯಾ?"

"ನಾನು ಬಲಗಡೆ ಸೀಟಲ್ಲಿದ್ದೆ."

"ನಿಮ್ಮ ಪರಂಪರೆನೇ ಹಾಗೆ" ಎಂದರು ಶಾಮಣ್ಣ. "1841ರ ಜುಲೈ 5ಕ್ಕೆ, ಆಮೇಲೆ ಟೂರ್ ಕಂಪನಿ ಕಟ್ಟಿದ ಥಾಮಸ್ ಕುಕ್ ಸುಮಾರು 500 ಜನರನ್ನು ರೈಲು ಹತ್ತಿಸಿ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಾಫ್‌ಬರೋಗೆ ಕರ್ಕೊಂಡು ಹೋದ. ತಲೆಗೆ ಒಂದು ಷಿಲಿಂಗ್. ಯಾತಕ್ಕೆ ಹೇಳು? ಕುಡಿಯೋದು ತಪ್ಪು ಅನ್ನೋ ಭಾಷಣ ಕೇಳೋಕೆ. ಗುಂಪು ಕಟ್ಕೊಂಡು ಹೋದವರು ಅವತ್ತಿಂದ ಇವತ್ತಿನವರೆಗೂ ಭಾಷಣ ಕೇಳ್ತಾನೇ ಇದಾರೆ."

ಸುರೇಶನಿಗೆ ಉತ್ಸಾಹ ಬಂತು. "ಅದಕ್ಕೇ ಅಲ್ವಾ ನಾವೇ ಪ್ಲಾನ್ ಮಾಡ್ಕೊಂಡಿದ್ದು? ನಾವು ಸ್ವತಂತ್ರರು."

"ಏಜೆಂಟ್ ಆಗಿದ್ರೆ ಆರೂವರೆಗೆ ಎಬ್ಬಿಸ್ತಿದ್ದ. ನೀನು ಐದೂಕಾಲಿಗೆ ಅಲಾರಂ ಹಾಕಿದ್ದೀಯ. ಏಜೆಂಟ್ ಮೇಲೆ ಸಿಟ್ಟು ಬಂದ್ರೆ ಗಂಡ ಹೆಂಡತಿ ಸೇರ್ಕೊಂಡು ಬೈಬಹುದಿತ್ತು. ಈಗ ಅವಳು ಯಾರನ್ನ ಬೈಬೇಕು?"

ಒಳಗಿನಿಂದ ವೀಣಾ ನಗುವುದು ಕೇಳಿಸಿತು.

ಆಮೇಲೆ ಶಾಮಣ್ಣ ಲೆಕ್ಕಕ್ಕೆ ಇಳಿದರು. ಈ ಮನುಷ್ಯನಿಗೆ ಪ್ಲಾನ್ ಅಂದ್ರೆ ಆಗುವುದಿಲ್ಲ, ಆದರೆ ಬೇರೆಯವರ ಪ್ಲಾನ್‌ನಲ್ಲಿ ತಪ್ಪು ಹುಡುಕುವುದಕ್ಕೆ ಎಷ್ಟು ಬೇಕಾದರೂ ಓದಿಕೊಂಡು ಬರುತ್ತಾರೆ. ಎಂಟು ಊರು ಅಂದ್ರೆ ಏಳು ಸಲ ಊರು ಬದಲಾಯಿಸಬೇಕು. ಹೋಟೆಲ್‌ನಲ್ಲಿ ಬೆಳಗ್ಗೆ ಹನ್ನೊಂದರ ಒಳಗೆ ಜಾಗ ಖಾಲಿ ಮಾಡಿ ಅಂತಾರೆ. ಮುಂದಿನ ಊರಿನ ಹೋಟೆಲಿನವರು ಮೂರು ಗಂಟೆ ಮೇಲೆ ಬನ್ನಿ ಅಂತಾರೆ. ನಡುವೆ ನೀವು ಗಂಡ ಹೆಂಡತಿ ಅಲ್ಲ, ಸೂಟ್‌ಕೇಸ್ ಕಾಯುವ ಇಬ್ಬರು ಕಾವಲುಗಾರರು. ಒಬ್ಬರು ಬಾತ್‌ರೂಮಿಗೆ ಹೋದರೆ ಇನ್ನೊಬ್ಬರು ಡ್ಯೂಟಿ. ಒಂದು ಬದಲಾವಣೆಗೆ ಅರ್ಧ ದಿನ ಅಂದರೂ ಮೂರೂವರೆ ದಿನ ಹೋಯಿತು.

"ವೆನಿಸ್‌ನಲ್ಲಿ ಹೋಟೆಲ್ ಎಲ್ಲಿ?"

"ಊರೊಳಗೇ. ಮೊದಲು ಮೆಸ್ತ್ರೆನಲ್ಲಿ ಇತ್ತು, ಅಗ್ಗ ಅಂತ. ಅದು ನೆಲದ ಮೇಲಿರೋ ವೆನಿಸ್ ಅಂತ ಆಮೇಲೆ ಗೊತ್ತಾಯ್ತು."

"ಒಳ್ಳೇದಾಯ್ತು. ವೆನಿಸ್‌ನಲ್ಲಿ 400ಕ್ಕೂ ಜಾಸ್ತಿ ಸೇತುವೆ ಇದಾವೆ. ಹೆಚ್ಚಿನವಕ್ಕೆ ಮೆಟ್ಟಿಲು. ಗಾಲಿ ಇರೋ ಸೂಟ್‌ಕೇಸಿಗೆ ಅಲ್ಲಿ ಗಾಲಿ ಒಂದು ಅಲಂಕಾರ."

ಸುರೇಶ ಮೆತ್ತಗೆ ಗೊಂಡೊಲಾ ಸಾಲಿನ ಮೇಲೆ ಮೌಸ್ ಇಟ್ಟ. ಅದರ ಪಕ್ಕದ ಕಾಲಂನಲ್ಲಿ 90 ಯೂರೋ ಅಂತಿತ್ತು. ಸಂಜೆ ಏಳರ ಮೇಲಾದರೆ 110.

"30 ನಿಮಿಷಕ್ಕೆ 90" ಎಂದರು ಶಾಮಣ್ಣ. "ನಿಮಿಷಕ್ಕೆ 3 ಯೂರೋ. ಅವಳು ಏನಾದರೂ ಹೇಳೋಕೆ ಬಾಯಿ ತೆಗೆದರೆ ನೀನು ವಾಚ್ ನೋಡ್ತೀಯ. ಪ್ರೀತಿಗೆ ಮೀಟರ್ ಹಾಕಿಸಬೇಡ."

ಸುರೇಶ ಅದನ್ನು ಅಳಿಸಿದ. ನಮ್ಮ ಕಣ್ಣೆದುರಿಗೇ ಒಂದು ಗುಲಾಬಿ ಹೋಯಿತು.

"ಬೀಗ ಹಾಕೋಕೆ ಯಾವ ಸೇತುವೆ?"

"ಪೋಂ ದೆಜ಼ಾರ್. ಸೆನ್ ನದಿ ಮೇಲೆ. ಪ್ರೇಮಿಗಳು ಬೀಗ ಹಾಕಿ ಕೀಲಿಕೈ ನದಿಗೆ ಎಸೀತಾರೆ."

"ಎಸೀತಿದ್ರು. 2014ರಲ್ಲಿ ಭಾರ ತಡೀದೆ ಸೇತುವೆ ಕಟಾಂಜನದ ಒಂದು ಭಾಗ ಕುಸೀತು. ಮರುವರ್ಷ ಎಲ್ಲಾ ಕಿತ್ತುಹಾಕಿದರು. ಸುಮಾರು 45 ಟನ್ ಬೀಗ. ಈಗ ಅಲ್ಲಿ ಗಾಜಿದೆ. ಗಾಜಿಗೆ ಎಲ್ಲಿ ಬೀಗ ಹಾಕ್ತೀಯ?"

ಎರಡನೇ ಗುಲಾಬಿಯೂ ಹೋಯಿತು. ಉಳಿದಿದ್ದು 147ನೇ ಸಾಲು ಒಂದೇ. ಹದಿನೈದು ದಿನಕ್ಕೆ ಹದಿನೈದು ನಿಮಿಷ. ದಿನಕ್ಕೊಂದು ನಿಮಿಷದ ಲೆಕ್ಕ.

"ಹೋಗ್ಲಿ, ಊರು ಕಡಿಮೆ ಮಾಡೋ" ಎಂದೆ ನಾನು. ಅಷ್ಟು ಹೊತ್ತಿನಲ್ಲಿ ನಾನು ಹೇಳಿದ ಒಂದೇ ಬುದ್ಧಿವಂತಿಕೆಯ ಮಾತು ಅದು.

"ಅದೇ ಆಗ್ತಾ ಇಲ್ಲ" ಎಂದು ಸುರೇಶ ಗೋಳಾಡಿದ. "ಮೊದಲು ನಾಲ್ಕೇ ಇದ್ದಿದ್ದು. ಪ್ಯಾರಿಸ್, ಲುಸರ್ನ್, ಫ್ಲಾರೆನ್ಸ್, ರೋಮ್. ಪ್ಯಾರಿಸ್‌ಗೆ ಇಳಿದು ರೋಮ್‌ನಿಂದ ವಾಪಸ್ ಹಾರೋದು. ಹೋದ ದಾರೀಲೇ ಹಿಂದಕ್ಕೆ ಬರೋ ಹಾಗಿಲ್ಲ. ಎಷ್ಟು ಚೆನ್ನಾಗಿತ್ತು. ಇನ್ನೇನು ಮುಗೀತು ಅನ್ನೋವಾಗ ಒಂದು ಊರು ಬಂದು ಸೇರ್ಕೊಳ್ಳುತ್ತೆ. ವೆನಿಸ್ ಬಂತು. ಆಮ್‌ಸ್ಟರ್‌ಡ್ಯಾಮ್ ಬಂತು. ಬೆಲ್ಜಿಯಂನ ಬ್ರೂಜ್ ಬಂದಾಗ ಅರ್ಜಿ ಹಾಕೋ ದೇಶವೇ ಬದಲಾಯ್ತು."

"ಅದು ಹೇಗೆ?"

"ವೀಸಾ ಶಾಮಣ್ಣ. ಈ ದೇಶಗಳಿಗೆಲ್ಲಾ ಸೇರಿ ಒಂದೇ ವೀಸಾ, ಷೆಂಗೆನ್ ಅಂತ. ಅದರಲ್ಲಿ ಜಾಸ್ತಿ ದಿನ ಎಲ್ಲಿರ್ತೀವೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಸಮ ಬಂದರೆ ಮೊದಲು ಕಾಲಿಡೋ ದೇಶ. ಫ್ರಾನ್ಸ್ ಐದು, ಇಟಲಿ ಐದು ಇತ್ತು. ಸಮ, ಹಾಗಾಗಿ ಫ್ರಾನ್ಸ್. ಫ್ರಾನ್ಸಿನ ಫಾರ್ಮ್ ಎಲ್ಲಾ ತುಂಬಿದ್ದೆ. ಬ್ರೂಜ್‌ಗೆ ಅಂತ ಪ್ಯಾರಿಸ್‌ನಿಂದ ಒಂದು ರಾತ್ರಿ ಕಿತ್ತರೆ ಫ್ರಾನ್ಸ್ ನಾಲ್ಕಾಯ್ತು. ಅರ್ಜಿ ಇಟಲಿಗೆ ಹಾಕಬೇಕು ಅಂತಾಯ್ತು. ಮತ್ತೆ ಮೊದಲಿಂದ."

"ಅಷ್ಟೇ ಆಗಿದ್ರೆ ಪರವಾಗಿಲ್ಲ" ಎಂದು ಅವನೇ ಮುಂದುವರಿಸಿದ. "ಒಂದು ದಿನ ಆಚೆ ಈಚೆ ಆದ್ರೆ ಬಾಗಿಲುಗಳೆಲ್ಲಾ ಮುಚ್ಕೊಳ್ತಾವೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ರಜಾ. ಫ್ಲಾರೆನ್ಸ್‌ನ ಉಫಿತ್ಸಿ ಮ್ಯೂಸಿಯಂ ಸೋಮವಾರ ರಜಾ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜಾ, ತಿಂಗಳ ಕೊನೇ ಭಾನುವಾರ ಬಿಟ್ಟು. ಕಲೋನ್ ಸೇರಿಸಿದ ಮೇಲೆ ನಾವು ಹೋಗೋ ಕಡೆಯೆಲ್ಲಾ ಆವತ್ತೇ ರಜಾ."

"ಕಲೋನ್‌ನಲ್ಲಿ ಏನಿದೆ?" ಎಂದ ಗೋಪಿ.

"ಚರ್ಚು. ಗೋಪುರಕ್ಕೆ 533 ಮೆಟ್ಟಿಲು."

"ನಾವು ಅದನ್ನ ಬಸ್ಸಿಂದಲೇ ನೋಡಿದ್ವಿ" ಎಂದ ಗೋಪಿ. ಎಡಗಡೆಯೋ ಬಲಗಡೆಯೋ ಅಂತ ಯಾರೂ ಕೇಳಲಿಲ್ಲ.

ಶಾಮಣ್ಣ ಅಷ್ಟರಲ್ಲಿ ತಾರೀಖು ನೋಡುತ್ತಿದ್ದರು. "ಕಲೋನ್‌ಗೆ ಬೆಳಗ್ಗೆ ಏಳರ ರೈಲು ಹಾಕಿದ್ದೀಯಲ್ಲ, ಅವತ್ತು ಮಾರ್ಚ್ ಕೊನೇ ಭಾನುವಾರ. ರಾತ್ರಿ ಎರಡು ಗಂಟೆ ಆದ ತಕ್ಷಣ ಯುರೋಪಿನವರು ಗಡಿಯಾರನ ಮೂರಕ್ಕೆ ತಿರುಗಿಸ್ತಾರೆ. ನಿನ್ನ ಶೀಟಲ್ಲಿ ಒಂದು ಗಂಟೆ ಕಳ್ಳತನ ಆಗಿದೆ."

"ಫೋನಲ್ಲಿ ತಾನಾಗೇ ಬದಲಾಗುತ್ತೆ" ಎಂದ ಸುರೇಶ. ಆದರೆ ಮುಖ ಬಿಳಿಚಿಕೊಂಡಿತ್ತು.

"ಫೋನ್ ಬದಲಾಗುತ್ತಪ್ಪಾ. ನಿದ್ದೆ? ಐದೂಕಾಲರ ಅಲಾರಂ ನಿನ್ನ ಕಣ್ಣಿಗೆ ನಾಲ್ಕೂಕಾಲು." ಶಾಮಣ್ಣ ಕನ್ನಡಕ ತೆಗೆದರು. "ಸುರೇಶ, ನಿಜ ಹೇಳು. ಈ ಊರು ಸೇರಿಸೋ ಚಟ ಯಾಕೋ ನಿಂಗೆ?"

"ನಾನಲ್ಲ."

"ಮತ್ತೆ?"

ಸುರೇಶ ಒಳಗಿನ ಬಾಗಿಲು ನೋಡಿದ. ಬಾಗಿಲಲ್ಲಿ ವೀಣಾ ಲ್ಯಾಪ್‌ಟಾಪಿನ ಚಾರ್ಜರ್ ಹಿಡಿದು ನಿಂತಿದ್ದಳು. ಪರದೆಯ ಮೂಲೆಯಲ್ಲಿ ಬ್ಯಾಟರಿ 6 ಪರ್ಸೆಂಟ್. ಅವಳಿಗೆ ಅದು ಹೇಗೆ ಗೊತ್ತಾಯಿತೋ.

"ವೆನಿಸ್ ನಾನು" ಎಂದಳು ಪ್ಲಗ್ ಹಾಕುತ್ತಾ. "ಆಮ್‌ಸ್ಟರ್‌ಡ್ಯಾಮೂ ನಾನೇ. ಬ್ರೂಜ್, ಕಲೋನ್ ಎರಡೂ."

"ಅಲ್ಲಮ್ಮಾ" ಎಂದರು ಶಾಮಣ್ಣ, ಧ್ವನಿ ಸ್ವಲ್ಪ ಇಳಿಸಿ. "ಗುಲಾಬಿ ತಿಂತಿರೋದು ನೀನಾ? ನಾನು ಇಷ್ಟು ಹೊತ್ತು ಇವನನ್ನ ಬೈದೆನಲ್ಲ. ಬ್ರೂಜ್‌ನಲ್ಲಿ ಅಂಥದ್ದೇನಿದೆ?"

"ನಂಗೇನು ಗೊತ್ತು? ಹೆಸರು ಚೆನ್ನಾಗಿತ್ತು." ಅವಳು ಸುರೇಶನ ಪಕ್ಕದ ಕುರ್ಚಿಯಲ್ಲಿ ಕೂತಳು. "ಫೈನಲ್ ಆದ್ರೆ ಇವರು ಲ್ಯಾಪ್‌ಟಾಪ್ ಮುಚ್ಚಿಡ್ತಾರೆ ಶಾಮಣ್ಣ."

"ಮುಚ್ಚಿಟ್ರೆ?"

"ಈಗ ದಿನಾ ಒಂಬತ್ತಕ್ಕೆ ಫೋನ್ ಒಳಗಿಟ್ಟು ಬಂದು ಕೂರ್ತಾರೆ. ಹತ್ತೂವರೆ ತನಕ ಜಗಳ ಆಡ್ತೀವಿ. ಯಾವ ರೈಲು, ಯಾವ ಹೋಟೆಲು, ಕಿಟಕಿ ಯಾವ ಕಡೆ ಅಂತ. ಮುಂಚೆ ನಮಗೆ ಜಗಳಕ್ಕೂ ಟೈಮ್ ಇರ್ತಿರ್ಲಿಲ್ಲ."

ಯಾರೂ ಮಾತಾಡಲಿಲ್ಲ. ನಾನು ಬಂದಾಗಿನಿಂದ ಆ ಮೇಜನ್ನು ನೋಡುತ್ತಿದ್ದೆ, ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಈಗ ಹೊಳೆಯಿತು. ಎದುರುಬದುರು ಇರಬೇಕಾದ ಎರಡು ಕುರ್ಚಿಗಳು ಒಂದೇ ಕಡೆ ಇದ್ದವು, ಬಸ್ಸಿನ ಸೀಟಿನ ಹಾಗೆ. ಪರದೆ ಇಬ್ಬರಿಗೂ ಕಾಣಲಿ ಅಂತ ಹಾಕಿದ್ದಿರಬೇಕು. ನೆಲದ ಮೇಲೆ ಎಳೆದ ಗುರುತು ಹಳೆಯದಾಗಿತ್ತು.

ಸುರೇಶ ಅವಳ ಮುಖ ನೋಡುತ್ತಿದ್ದ. ಈ ವಿಷಯ ಅವನ ಯಾವ ಕಾಲಂನಲ್ಲೂ ಇರಲಿಲ್ಲ ಅನ್ನಿಸುತ್ತೆ.

"ಇನ್ನು ಹದಿನೈದು ದಿನದಲ್ಲಿ ವೀಸಾಗೆ ಹಾಕಲೇಬೇಕು" ಎಂದಳು ವೀಣಾ. "ಊರುಗಳೂ ಖಾಲಿಯಾದವು. ನಂಗೆ ಬೇರೆ ಯಾವ ಹೆಸರೂ ಹೊಳೀತಾ ಇಲ್ಲ."

ಶಾಮಣ್ಣ ಕನ್ನಡಕ ಹಾಕಿಕೊಂಡರು. ಕೆಮ್ಮಿದರು. ಕುರ್ಚಿ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಲಕ್ಸೆಂಬರ್ಗ್ ಹಾಕಿಲ್ವೇನೋ?"

"ಶಾಮಣ್ಣಾ!" ಎಂದ ಗೋಪಿ.

"ನೀನು ಸುಮ್ನಿರೋ. ಷೆಂಗೆನ್ ವೀಸಾ ಬೇಕು, ಷೆಂಗೆನ್ ಬೇಡ್ವಾ? ಅದೊಂದು ಹಳ್ಳಿ, ಲಕ್ಸೆಂಬರ್ಗ್‌ನಲ್ಲೇ ಇರೋದು, ಮೊಸೆಲ್ ನದಿ ದಂಡೆ ಮೇಲೆ. 1985ರ ಜೂನ್ 14ಕ್ಕೆ ಐದು ದೇಶದವರು ಗಡಿ ತಪಾಸಣೆ ಬಿಡೋಣ ಅನ್ನೋ ಒಪ್ಪಂದಕ್ಕೆ ಅಲ್ಲೇ ದೋಣಿ ಮೇಲೆ ಕೂತು ಸಹಿ ಹಾಕಿದ್ದು. ಒಂದು ದಿನ ಬೇಕಾಗುತ್ತೆ. ಎರಡು ದಿನ ಇಟ್ಕೊಳ್ಳಿ. ಬಸ್ಸು, ಟ್ರಾಮು, ರೈಲು ಎಲ್ಲಾ ಪುಕ್ಕಟೆ, 2020ರಿಂದ. ಫಸ್ಟ್ ಕ್ಲಾಸ್‌ಗೆ ಮಾತ್ರ ದುಡ್ಡು."

"ಒಂಬತ್ತನೇ ಊರಾಗುತ್ತೆ" ಎಂದ ಸುರೇಶ. "ಲುಸರ್ನ್ ಒಂದು ದಿನ ಮುಂದೆ ಹೋಗುತ್ತೆ. ಫ್ಲಾರೆನ್ಸ್ ಸೋಮವಾರಕ್ಕೆ ಬೀಳುತ್ತೆ. ಎಲ್ಲಾ ಮತ್ತೆ ಮೊದಲಿಂದ ಮಾಡ್ಬೇಕು." ಹೇಳುತ್ತಾ ಹೇಳುತ್ತಾ ಲ್ಯಾಪ್‌ಟಾಪನ್ನು ವೀಣಾ ಕಡೆ ಸ್ವಲ್ಪ ತಿರುಗಿಸಿದ.

ಅವಳು ಆಗಲೇ ಕಲೋನ್ ಕೆಳಗೆ ಒಂದು ಹೊಸ ಸಾಲು ಸೇರಿಸಿಯಾಗಿತ್ತು. ಸುಮ್ನೆ ಕೂರೋದು 148ಕ್ಕೆ ಇಳಿಯಿತು.